ಹೊಸ್ತಿಲ ಒಳಗಿನ ತುಕ್ಕು

ವ್ಯವಹಾರದಲ್ಲಿ ಸುಳ್ಳು ಹೇಳದಿರುವುದು ಅಷ್ಟೇನೂ ಕಷ್ಟದ ವ್ರತವಲ್ಲ. ನಾಲಗೆಯನ್ನು ಹಿಡಿತದಲ್ಲಿಟ್ಟುಕೊಂಡರೆ ಸಾಕು. ತನಗೆ ತಿಳಿದಿರುವ ದೋಷವನ್ನು ಮುಚ್ಚಿಡದೆ ಹೇಳುವುದು ಮಾತ್ರ ಕಠಿಣ. ಅಲ್ಲಿ ಕೈಗೆ ಬರಲಿರುವ ಲಾಭವನ್ನೇ ಬಿಟ್ಟುಕೊಡಬೇಕಾಗುತ್ತದೆ. ಮಾರುಕಟ್ಟೆಯು ಮೊದಲನೆಯದನ್ನು ಪ್ರಾಮಾಣಿಕತೆಯೆಂದು ಹೊಗಳುತ್ತದೆ, ಎರಡನೆಯದನ್ನು ದಡ್ಡತನವೆಂದು ನಗುತ್ತದೆ. ಈ ನಗೆಗೆ ಶಾಸ್ತ್ರದ ಗೌರವವನ್ನು ತಂದುಕೊಟ್ಟಿರುವುದು ‘ಕೊಳ್ಳುವವನೇ ಎಚ್ಚರದಿಂದಿರಲಿ’ ಎಂಬ ಲ್ಯಾಟಿನ್ ಸೂತ್ರ. ಎಚ್ಚರವು ಕೊಳ್ಳುವವನಿಗೆ ಒಪ್ಪುವ ಗುಣವೆಂಬುದು ನಿಜ. ಆದರೆ ಅದೇ ಮಾತು ಮಾರುವವನ ಬಾಯಿಂದ ಬಂದಾಗ, ಕಳ್ಳನು ಮನೆಯೊಡೆಯನಿಗೆ ಬೀಗದ ಮಹತ್ವವನ್ನು ಬೋಧಿಸಿದಂತಾಗುತ್ತದೆ. ಈ ಸೂತ್ರದ ಟೊಳ್ಳು ಸ್ಪಷ್ಟವಾಗಿ ಗೋಚರಿಸುವುದು, ದೋಷವು ಕಣ್ಣಿಗೆ ಕಾಣದ ಜಾಗದಲ್ಲಿರುವ ವಸ್ತುವಿನ ಮಾರಾಟದಲ್ಲಿ. ಅಂಥ ವಸ್ತುಗಳಿಗೆ ಉತ್ತಮ ನಿದರ್ಶನವೆಂದರೆ ಇಂಗ್ಲೆಂಡಿನ ಹಳೆಯ, ಎರಡೇ ಆಸನಗಳ, ಮೇಲ್ಛಾವಣಿ ಮಡಚುವ ಕ್ರೀಡಾಕಾರು.

ಈ ವರ್ಗದ ಕಾರುಗಳಲ್ಲಿ ಹೆಚ್ಚು ಪ್ರಸಿದ್ಧವಾದವುಗಳಲ್ಲಿ ಎಂಜಿಬಿ ಒಂದು. ಆಕ್ಸ್‌ಫರ್ಡ್ ಸಮೀಪದ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಲ್ಲಿ ಆರಂಭವಾದ ಇದರ ತಯಾರಿಕೆ 1980ರ ಅಕ್ಟೋಬರಿನಲ್ಲಿ ನಿಂತಿತು. ಕಾರ್ಖಾನೆಯೂ ಅದೇ ತಿಂಗಳಿನಲ್ಲಿ ಮುಚ್ಚಿತು. ಮುಚ್ಚಿದ ಛಾವಣಿಯ ಜಿಟಿ ಮಾದರಿಯೂ ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅವುಗಳಲ್ಲಿ ಬಹುಪಾಲು ಉತ್ತರ ಅಮೆರಿಕಕ್ಕೆ ಹೋದವು. 1798 ಸಿ.ಸಿ.ಯ ನಾಲ್ಕು ಸಿಲಿಂಡರಿನ ಸರಳ ಎಂಜಿನ್, ಎರಡು ಆಸನ, ಬಟ್ಟೆಯ ಛಾವಣಿ, ಇಷ್ಟೇ ಇದರ ವೈಭವ. ಬಿಡಿಭಾಗಗಳು ಇಂದಿಗೂ ಸುಲಭವಾಗಿ ದೊರೆಯುತ್ತವೆ. ಹಳೆಯ ಕ್ರೀಡಾಕಾರುಗಳ ಪೈಕಿ ಬೆಲೆಯೂ ಎಟಕುವಂಥದ್ದು. ಆದ್ದರಿಂದ ಇದನ್ನು ಕೊಳ್ಳುವವರು ಕೋಟ್ಯಧೀಶರಲ್ಲ. ನಿವೃತ್ತಿಯ ಹಣದಿಂದ ಯೌವನದ ಒಂದು ಆಸೆಯನ್ನು ತೀರಿಸಿಕೊಳ್ಳಬಯಸುವ ಗುಮಾಸ್ತರು, ಶಿಕ್ಷಕರು, ಯಂತ್ರಗಳಲ್ಲಿ ಆಸಕ್ತಿಯುಳ್ಳ ತರುಣರು. ಮೋಸಹೋದರೆ ನಷ್ಟವನ್ನು ನಕ್ಕು ಮರೆಯುವ ಸ್ಥಿತಿಯಲ್ಲಿರುವವರು ಇವರಲ್ಲಿ ವಿರಳ.

ವಿಲಾಸದ ವಸ್ತುವಿನ ವ್ಯಾಪಾರದಲ್ಲಿ ನೀತಿಯ ವಿಚಾರವೇಕೆ, ಅದನ್ನು ಕೊಳ್ಳುವುದೇ ಪರಿಗ್ರಹವಲ್ಲವೇ ಎಂದು ಕೆಲವರು ಕೇಳಬಹುದು. ಕೊಳ್ಳುವವನ ಆಸೆಯನ್ನು ತೂಗುವುದು ಅವನಿಗೇ ಬಿಟ್ಟ ಕೆಲಸ. ಅವನ ಆಸೆಯು ಮಾರುವವನಿಗೆ ಮೋಸದ ಪರವಾನಗಿಯಾಗುವುದಿಲ್ಲ. ವಾಸ್ತವವಾಗಿ ಇಲ್ಲಿ ಮಾರುವವನ ಹೊಣೆ ಇನ್ನೂ ಹೆಚ್ಚಿನದು. ಅಕ್ಕಿಯನ್ನು ಕೊಳ್ಳುವ ಗೃಹಿಣಿ ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಾಳೆ, ಕಲ್ಲನ್ನು ಎಣಿಸುತ್ತಾಳೆ. ಬಯಸಿದ ವಸ್ತುವಿನ ಮುಂದೆ ನಿಂತವನ ಕಣ್ಣು ಅಷ್ಟು ನಿಷ್ಠುರವಾಗಿರುವುದಿಲ್ಲ. ಹೊಳೆಯುವ ಬಣ್ಣ, ತಂತಿಕಡ್ಡಿಗಳ ಚಕ್ರ, ಚರ್ಮದ ವಾಸನೆ, ಎಂಜಿನ್ನಿನ ಗಂಭೀರ ಧ್ವನಿ, ಇವೆಲ್ಲ ಸೇರಿ ಅವನ ವಿವೇಕವನ್ನು ಮಲಗಿಸುತ್ತವೆ. ಮಾರುವವನಿಗೆ ಇದು ಚೆನ್ನಾಗಿ ತಿಳಿದಿರುತ್ತದೆ. ಮಲಗಿರುವವನ ಜೇಬಿಗೆ ಕೈಹಾಕುವುದು ಎಚ್ಚರವಾಗಿರುವವನ ಜೇಬಿಗೆ ಕೈಹಾಕುವುದಕ್ಕಿಂತ ಸಣ್ಣ ಅಪರಾಧವೆಂದು ಯಾವ ನೀತಿಯೂ ಹೇಳದು.

ಈಗ ಆ ಕಾರಿನ ಮೈಕಟ್ಟನ್ನು ನೋಡಬೇಕು. ಎಂಜಿಬಿಗೆ ಹಿಂದಿನ ಕಾಲದ ಕಾರುಗಳಂತೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿಲ್ಲ. ಬೆಸುಗೆ ಹಾಕಿದ ತಗಡಿನ ಮೈಯೇ ಅದರ ಎಲುಬು. ಛಾವಣಿಯಿರುವ ಕಾರಿನಲ್ಲಿ ಭಾರದ ಒಂದು ಪಾಲನ್ನು ಛಾವಣಿಯೂ ಹೊರುತ್ತದೆ. ತೆರೆದ ಕಾರಿನಲ್ಲಿ ಆ ನೆರವಿಲ್ಲ. ಮುಂಭಾಗವನ್ನೂ ಹಿಂಭಾಗವನ್ನೂ ಜೋಡಿಸಿ ಹಿಡಿಯುವ ಕೆಲಸ ನೆಲದ ತಗಡಿನ ಮೇಲೆ, ಮುಖ್ಯವಾಗಿ ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಹೊಸ್ತಿಲಿನ ಮೇಲೆ ಬೀಳುತ್ತದೆ. ಈ ಹೊಸ್ತಿಲು ಒಂದೇ ತಗಡಲ್ಲ. ಹೊರಪದರ, ಒಳಪದರ, ನಡುವಿನ ಅಡ್ಡಪದರ, ತಳದ ಕಮಾನುಪಟ್ಟಿ ಇವೆಲ್ಲ ಸೇರಿ ಆದ ಪೆಟ್ಟಿಗೆ. ಮುಂದಿನ ಚಕ್ರಗಳು ಎರಚಿದ ಕೆಸರು ಮುಂಭಾಗದ ರೆಕ್ಕೆಯ ಒಳಗೆ ಶೇಖರವಾಗಿ, ತೇವ ಆರದೆ, ಈ ಪೆಟ್ಟಿಗೆಯನ್ನು ಒಳಗಿನಿಂದ ತಿನ್ನತೊಡಗುತ್ತದೆ. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳ ಮೇಲೆ ಚೆಲ್ಲುವ ಉಪ್ಪು ಆ ಕೆಲಸವನ್ನು ಶೀಘ್ರವಾಗಿ ಮುಗಿಸುತ್ತದೆ. ಹೊರಗೆ ಒಂದು ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಪದರಗಳು ಹಪ್ಪಳದಂತಾಗಿರುತ್ತವೆ.

ಇದನ್ನು ಸರಿಪಡಿಸಲು ಒಂದು ನೇರವಾದ ದಾರಿಯಿದೆ. ಹೊಸ್ತಿಲು ಮುಂದಿನ ಮತ್ತು ಹಿಂದಿನ ರೆಕ್ಕೆಗಳ ಅಡಿಯವರೆಗೂ ಚಾಚಿಕೊಂಡಿರುವುದರಿಂದ, ಆ ರೆಕ್ಕೆಗಳ ಕೆಳಭಾಗವನ್ನು ಕತ್ತರಿಸಿ ತೆಗೆಯಬೇಕು. ಕೊಳೆತ ಪದರಗಳನ್ನೆಲ್ಲ ಬಿಚ್ಚಬೇಕು. ಮೈ ಬಾಗದಂತೆ ಆಧಾರ ಕೊಟ್ಟು, ಬಾಗಿಲಿನ ಸಂದುಗಳನ್ನು ಮತ್ತೆ ಮತ್ತೆ ಅಳೆದು, ಹೊಸ ಪದರಗಳನ್ನು ಒಂದೊಂದಾಗಿ ಬೆಸೆಯಬೇಕು. ಇದು ಅನೇಕ ದಿನಗಳ ದುಡಿಮೆ, ದೊಡ್ಡ ಮೊತ್ತದ ಖರ್ಚು. ಇನ್ನೊಂದು ದಾರಿ ಅಗ್ಗದ್ದು. ಕೊಳೆತದ್ದನ್ನು ಅಲ್ಲೇ ಬಿಟ್ಟು, ಕಣ್ಣಿಗೆ ಕಾಣುವಷ್ಟು ಉದ್ದಕ್ಕೆ ಮಾತ್ರ ಹೊಸ ತಗಡಿನ ಹೊದಿಕೆಯನ್ನು ಬೆಸೆದು, ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದರೆ ಸಾಕು. ಒಂದೆರಡು ಮಳೆಗಾಲ ಕಳೆಯುವವರೆಗೆ ಎರಡು ಕಾರುಗಳೂ ಒಂದೇ ರೀತಿ ಹೊಳೆಯುತ್ತವೆ. ಮೊದಲನೆಯದರ ಬೆಲೆಗೇ ಎರಡನೆಯದನ್ನು ಮಾರುವುದರಲ್ಲಿಯೇ ಲಾಭದ ಗುಟ್ಟು ಅಡಗಿದೆ.

ಇಲ್ಲಿ ಪಣಕ್ಕಿಟ್ಟಿರುವುದು ಹಣ ಮಾತ್ರವೆಂದು ಭಾವಿಸಬಾರದು. ಹೊಸ್ತಿಲು ಟೊಳ್ಳಾದ ತೆರೆದ ಕಾರು ನಡುವಿನಲ್ಲಿ ಕುಸಿಯುತ್ತದೆ. ಅಪಘಾತದಲ್ಲಿ ಕುಳಿತವರನ್ನು ರಕ್ಷಿಸಬೇಕಾದ ತಗಡು ಕಾಗದದಂತೆ ಮಡಚಿಕೊಳ್ಳುತ್ತದೆ. ಬ್ರಿಟನ್ನಿನ ವಾರ್ಷಿಕ ವಾಹನ ಪರೀಕ್ಷೆಯಲ್ಲಿ ಸೀಟುಪಟ್ಟಿಯನ್ನು ಬಿಗಿದ ಜಾಗದಿಂದ 30 ಸೆಂಟಿಮೀಟರಿನೊಳಗಿನ ತುಕ್ಕನ್ನು ವಿಶೇಷವಾಗಿ ಪರಿಶೀಲಿಸುವ ನಿಯಮವಿರುವುದು ಈ ಕಾರಣಕ್ಕಾಗಿಯೇ. ತಗಡು ಕೊಳೆತಿದ್ದರೆ ಪಟ್ಟಿ ಎಷ್ಟೇ ಗಟ್ಟಿಯಾಗಿದ್ದರೂ ಅದು ಯಾರನ್ನೂ ಹಿಡಿದಿಡಲಾರದು. ಪುಟ್ಟಿಯ ಮೇಲೆ ಬಣ್ಣ ಬಳಿದು ಮಾರುವವನು, ಪಕ್ಕದ ಆಸನದಲ್ಲಿ ಕೂರಲಿರುವ, ತಾನು ಎಂದೂ ನೋಡದ ಒಬ್ಬ ವ್ಯಕ್ತಿಯ ಪ್ರಾಣವನ್ನೂ ಬೆಲೆಯಲ್ಲಿ ಸೇರಿಸಿ ಮಾರುತ್ತಾನೆ. ಕೈಯಲ್ಲಿ ಆಯುಧ ಹಿಡಿಯದಿದ್ದ ಮಾತ್ರಕ್ಕೆ ಹಿಂಸೆಯ ದೋಷ ತಪ್ಪುವುದಿಲ್ಲ.

ಹೀಗೆ ಮಾರುವವರ ಬತ್ತಳಿಕೆಯಲ್ಲಿ ಮೂರು ಸಮರ್ಥನೆಗಳಿರುತ್ತವೆ. ಒಂದೊಂದನ್ನಾಗಿ ಪರೀಕ್ಷಿಸುವುದು ಉಚಿತ.

ಮೊದಲನೆಯದು ಕಾನೂನಿನ ಸಮರ್ಥನೆ. ‘ಕಾನೂನು ಕೇಳದ್ದನ್ನು ಹೇಳಬೇಕಾದ ಅಗತ್ಯವಿಲ್ಲ’ ಎಂಬುದು ಇದರ ಸಾರ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ಪ್ರಕಾರ ವೃತ್ತಿನಿರತ ವ್ಯಾಪಾರಿ ಮಾರುವ ಕಾರು ಅದರ ವಯಸ್ಸು ಮತ್ತು ಬೆಲೆಗೆ ತಕ್ಕ ಗುಣಮಟ್ಟದ್ದಾಗಿರಬೇಕು. ದೋಷವಿದ್ದರೆ ಮೊದಲ 30 ದಿನಗಳಲ್ಲಿ ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಖಾಸಗಿ ವ್ಯಕ್ತಿ ಮಾರಿದರೆ ಗುಣಮಟ್ಟದ ಈ ಭರವಸೆ ಇಲ್ಲ. ಅವನು ವರ್ಣಿಸಿದಂತೆ ಕಾರು ಇರಬೇಕು, ಅವನು ಸುಳ್ಳು ಹೇಳಿರಬಾರದು, ಅಷ್ಟೇ. ಹೆಚ್ಚು ಹೇಳದವನೇ ಹೆಚ್ಚು ಸುರಕ್ಷಿತನಾಗುವ ವಿಚಿತ್ರ ವ್ಯವಸ್ಥೆ ಇದು. ವ್ಯಾಪಾರಿಗಳು ಮನೆಯ ಕಾರನ್ನು ಮಾರುವ ಗೃಹಸ್ಥರಂತೆ ನಟಿಸುವುದನ್ನು ಕಾನೂನು ನಿಷೇಧಿಸಬೇಕಾಗಿ ಬಂದುದೂ ಇದರಿಂದಲೇ. ಆದರೂ ರಸ್ತೆಗೆ ಯೋಗ್ಯವಲ್ಲದ ವಾಹನವನ್ನು ಮಾರುವುದು 1988ರ ರಸ್ತೆ ಸಂಚಾರ ಕಾಯಿದೆಯ 75ನೆಯ ಕಲಮಿನ ಪ್ರಕಾರ ಯಾರಿಗಾದರೂ ಅಪರಾಧವೇ ಎಂಬುದನ್ನು ಈ ಸಮರ್ಥಕರು ಅನುಕೂಲಕ್ಕೆ ತಕ್ಕಂತೆ ಮರೆಯುತ್ತಾರೆ.

ಈ ಸೂತ್ರ ಇಂಗ್ಲೆಂಡಿನಲ್ಲಿಯೇ ಉಳಿಯಲಿಲ್ಲ. ಅಲ್ಲಿನ 1893ರ ಸರಕು ಮಾರಾಟ ಕಾಯಿದೆಯ ಮಾದರಿಯಲ್ಲಿ ರೂಪುಗೊಂಡ ಭಾರತದ 1930ರ ಕಾಯಿದೆಯ 16ನೆಯ ಕಲಮಿನಲ್ಲಿಯೂ ಅದು ನೆಲೆಸಿದೆ. ಹರಾಜಿನ ಪ್ರಕಟಣೆಗಳಲ್ಲಿ ಬರುವ ‘ಎಲ್ಲಿದೆಯೋ ಹೇಗಿದೆಯೋ ಹಾಗೆಯೇ’ ಎಂಬ ಷರತ್ತು ಅದರ ದೇಶೀಯ ರೂಪ. ಒಂದು ಸಂಸ್ಥೆ ತನ್ನ ಹಳೆಯ ವಾಹನವನ್ನು ಈ ಷರತ್ತಿನ ಮೇಲೆ ವಿಕ್ರಯಿಸುವುದರಲ್ಲಿ ತಪ್ಪಿಲ್ಲ. ಆ ವಾಹನ ಹೇಗಿದೆ ಎಂಬುದು ಕಾರ್ಯದರ್ಶಿಗೆ ತಿಳಿದಿದ್ದೂ ಪ್ರಕಟಣೆಯಲ್ಲಿ ಬರೆಯದಿರುವುದು ತಪ್ಪು.

ಕಾನೂನಿಗೂ ನೀತಿಗೂ ನಡುವಿನ ಈ ಅಂತರ ಹೊಸ ಪ್ರಶ್ನೆಯೇನಲ್ಲ. ರೋಮಿನ ಸಿಸಿರೋ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ, ದೋಷಗಳುಳ್ಳ ಮನೆಯನ್ನು ಅದನ್ನು ತಿಳಿಸದೆ ಮಾರುವವನ ಪ್ರಸಂಗವನ್ನು ಚರ್ಚಿಸುತ್ತಾನೆ. ಕಾನೂನು ವಿಧಿಸಿದಷ್ಟನ್ನು ಹೇಳಿದರೆ ಸಾಕೆಂಬುದು ಡಯೋಜಿನೀಸನ ಪಕ್ಷ. ತಿಳಿದದ್ದನ್ನೆಲ್ಲ ಹೇಳಲೇಬೇಕೆಂಬುದು ಆಂಟಿಪೇಟರನ ಪಕ್ಷ. ಸಿಸಿರೋ ಎರಡನೆಯ ಪಕ್ಷವನ್ನೇ ಎತ್ತಿಹಿಡಿಯುತ್ತಾನೆ. ಲ್ಯಾಟಿನ್ ಸೂತ್ರವನ್ನು ಮಾತುಮಾತಿಗೆ ಉದ್ಧರಿಸುವವರು ಲ್ಯಾಟಿನ್ನಿನ ಈ ಮಾತನ್ನೂ ಓದಬೇಕಿತ್ತು.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಳ್ಳೆಯ ಸರಕಿನಲ್ಲಿ ಅದನ್ನೇ ಹೋಲುವ ಕೀಳು ಸರಕನ್ನು ಬೆರೆಸುವ ‘ಸದೃಶಸನ್ಮಿಶ್ರ’ವನ್ನು ಅಲ್ಲಿ ಎಣಿಸಿರುವುದು ಸತ್ಯಾಣುವ್ರತದ ಅತಿಚಾರಗಳಲ್ಲಲ್ಲ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ. ತತ್ತ್ವಾರ್ಥಸೂತ್ರದ ‘ಪ್ರತಿರೂಪಕ ವ್ಯವಹಾರ’ದ ಸ್ಥಾನವೂ ಅದೇ. ಈ ವರ್ಗೀಕರಣದ ಅರ್ಥ ಗಂಭೀರವಾದುದು. ಉಕ್ಕಿನ ಜಾಗದಲ್ಲಿ ಪುಟ್ಟಿಯನ್ನಿಟ್ಟು ಉಕ್ಕಿನ ಬೆಲೆ ಪಡೆದವನು ‘ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಿಲ್ಲ’ ಎಂದು ವಾದಿಸುವಂತಿಲ್ಲ. ಅವನ ಮೇಲಿರುವ ಆರೋಪ ಸುಳ್ಳಿನದಲ್ಲ, ಕಳವಿನದು. ಕಳವಿಗೆ ಮಾತಿನ ಅಗತ್ಯವಿಲ್ಲ. ಅದು ಮೌನದಲ್ಲಿಯೇ ಚೆನ್ನಾಗಿ ನಡೆಯುತ್ತದೆ.

ಎರಡನೆಯ ಸಮರ್ಥನೆ ಅಜ್ಞಾನದ್ದು. ‘ಒಳಗೆ ಏನಿದೆಯೋ ಗೊತ್ತಿಲ್ಲ’ ಎಂದು ಮಾರುವವನು ಕೈಚೆಲ್ಲುತ್ತಾನೆ. ನಿಜವಾಗಿಯೂ ತಿಳಿಯದವರು ಇದ್ದಾರೆ. ತಂದೆಯ ಕಾರನ್ನು ಪಡೆದ ಮಗಳಿಗೆ ಹೊಸ್ತಿಲಿನ ಸ್ಥಿತಿ ತಿಳಿಯಬೇಕೆಂಬ ನಿಯಮವಿಲ್ಲ. ಆದರೆ ತಿಳಿಯದಿರಲು ಶ್ರಮಪಡುವ ಅಜ್ಞಾನ ಬೇರೆ. ಬ್ರಿಟನ್ನಿನಲ್ಲಿ 2018ರ ಮೇ 20ರಿಂದ, 40 ವರ್ಷ ದಾಟಿದ, ಮೂಲರೂಪದಲ್ಲಿ ಗಣನೀಯ ಬದಲಾವಣೆಯಾಗದ ಕಾರುಗಳಿಗೆ ವಾರ್ಷಿಕ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಕಡೆಯ ಎಂಜಿಬಿ 1980ರದು. ಆದುದರಿಂದ ಈಗ ಎಲ್ಲ ಎಂಜಿಬಿಗಳಿಗೂ ಈ ವಯಸ್ಸು ದಾಟಿದೆ. ಕಾರನ್ನು ರಸ್ತೆಗೆ ಯೋಗ್ಯವಾಗಿ ಇಟ್ಟುಕೊಳ್ಳುವ ಹೊಣೆಯಿಂದ ಮಾತ್ರ ಯಾರಿಗೂ ವಿನಾಯಿತಿ ಇಲ್ಲ. ಮಾಲೀಕನು ಬಯಸಿದರೆ ಇಂದಿಗೂ ಸ್ವಇಚ್ಛೆಯಿಂದ ಪರೀಕ್ಷೆ ಮಾಡಿಸಬಹುದು. ಮಾರುವ ಮೊದಲು ಅಷ್ಟನ್ನೂ ಮಾಡಿಸದೆ ‘ಕಾನೂನಿನಲ್ಲಿ ಅಗತ್ಯವಿಲ್ಲ’ ಎನ್ನುವವನು, ಉತ್ತರ ಗೊತ್ತಿರುವುದರಿಂದಲೇ ಪ್ರಶ್ನೆಯನ್ನು ಕೇಳದವನು.

ಮೂರನೆಯದು ಲೋಕಾರೂಢಿಯ ಸಮರ್ಥನೆ: ‘ಎಲ್ಲರೂ ಹೀಗೆಯೇ ಮಾರುತ್ತಾರೆ.’ ಇದಕ್ಕೆ ಅರ್ಥಶಾಸ್ತ್ರವೇ ಉತ್ತರ ಕೊಟ್ಟಿದೆ. ಅಮೆರಿಕದ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಪ್ರಕಟಿಸಿದ ಲೇಖನವೊಂದಕ್ಕೆ ಬಳಸಿದ ವಾಹನಗಳ ಪೇಟೆಯನ್ನೇ ಉದಾಹರಣೆಯಾಗಿ ಆರಿಸಿಕೊಂಡರು. ಕೆಟ್ಟ ಕಾರನ್ನು ಅಲ್ಲಿನ ಆಡುಮಾತಿನಲ್ಲಿ ‘ನಿಂಬೆಹಣ್ಣು’ ಎನ್ನುತ್ತಾರೆ. ಒಳ್ಳೆಯದು ಯಾವುದು, ನಿಂಬೆಹಣ್ಣು ಯಾವುದು ಎಂದು ಮಾರುವವನಿಗೆ ಮಾತ್ರ ಗೊತ್ತಿದ್ದಾಗ, ಕೊಳ್ಳುವವನು ಎಲ್ಲವನ್ನೂ ಶಂಕಿಸಿ ಸರಾಸರಿ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕನು ಮಾರಲಾರ. ಅವನು ಪೇಟೆಯಿಂದ ಹಿಂದೆ ಸರಿಯುತ್ತಾನೆ. ಉಳಿದವುಗಳ ಮಟ್ಟ ಇನ್ನೂ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಕೊನೆಗೆ ಪೇಟೆಯೇ ಕುಸಿಯಬಹುದು. ಈ ವಿಚಾರಸರಣಿಗಾಗಿ ಅಕೆರ್ಲಾಫ್ 2001ರಲ್ಲಿ ಇತರ ಇಬ್ಬರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಇದರಿಂದ ತಿಳಿಯುವುದೇನೆಂದರೆ, ಪುಟ್ಟಿ ತುಂಬಿದ ಕಾರನ್ನು ಮಾರುವವನು ಒಬ್ಬ ಗ್ರಾಹಕನನ್ನು ಮಾತ್ರ ದೋಚುವುದಿಲ್ಲ. ಎರಡು ವರ್ಷ ದುಡಿದು ಹೊಸ್ತಿಲನ್ನು ಸರಿಯಾಗಿ ಕಟ್ಟಿದ ಪ್ರತಿಯೊಬ್ಬ ಪ್ರಾಮಾಣಿಕನ ಶ್ರಮದ ಬೆಲೆಯನ್ನೂ ಕದಿಯುತ್ತಾನೆ. ಎಲ್ಲರೂ ಹೀಗೆಯೇ ಮಾರುವಂತಾದುದು ಇಂಥವರಿಂದಲೇ.

ಹಾಗೆಂದು ಕೊಳ್ಳುವವನು ಕಣ್ಣುಮುಚ್ಚಿ ಹಣ ಕೊಡಲಿ ಎಂದಲ್ಲ. ಅವನ ಎಚ್ಚರ ಅವನ ಕುಟುಂಬಕ್ಕೆ ಅವನು ಸಲ್ಲಿಸಬೇಕಾದ ಕರ್ತವ್ಯ. ಸಣ್ಣದೊಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ರೆಕ್ಕೆ, ಹೊಸ್ತಿಲುಗಳ ಮೇಲೆ ಆಡಿಸಿದರೆ, ಅದು ಅಂಟದ ಕಡೆ ತಗಡಿನ ಬದಲು ಪುಟ್ಟಿ ಇದೆಯೆಂದು ತಿಳಿಯುತ್ತದೆ. ಬಾಗಿಲಿನ ಸಂದು ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿದ್ದರೆ ಮೈ ನಡುವಿನಲ್ಲಿ ಕುಸಿದಿದೆಯೆಂದು ಶಂಕಿಸಬೇಕು. ಜಾಕ್ ಹಾಕಿ ಒಂದು ಬದಿಯನ್ನು ಎತ್ತಿದಾಗ ಆ ಸಂದು ಬದಲಾದರೆ ಶಂಕೆ ಬಲವಾಗುತ್ತದೆ. ಕಾರನ್ನು ಲಿಫ್ಟಿನ ಮೇಲೇರಿಸಿ ತಳವನ್ನು ನೋಡಲೇಬೇಕು. ತಳಕ್ಕೆ ಈಚೆಗಷ್ಟೇ ದಪ್ಪ ಕರಿಬಣ್ಣ ಬಳಿದಿದ್ದರೆ ಕಾರಣ ಕೇಳಬೇಕು. ಹಳೆಯ ಮಾದರಿಗಳಲ್ಲಿ ಆಸನಗಳ ಹಿಂದೆ ನೆಲದಡಿ ಇರುವ ಬ್ಯಾಟರಿ ಪೆಟ್ಟಿಗೆಗಳೂ ತುಕ್ಕಿನ ತವರು. ಎಂಜಿನ್ ಕಾದ ಮೇಲೆ ಓಡುವಾಗ ತೈಲದ ಒತ್ತಡ ಚದರಂಗುಲಕ್ಕೆ 50 ಪೌಂಡಿಗಿಂತ ಬಹಳ ಕೆಳಗಿಳಿಯಬಾರದು. ತಂತಿಕಡ್ಡಿಯ ಚಕ್ರಗಳ ಒಳಹಲ್ಲುಗಳು ಸವೆದಿದ್ದರೆ ಹೊರಡುವಾಗ ಟಕ್ಕೆಂಬ ಸದ್ದು ಕೇಳುತ್ತದೆ. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನಲ್ಲಿ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುವುದರಿಂದ, ಹಳೆಯ ರಬ್ಬರ್ ಕೊಳವೆಗಳನ್ನು ಬದಲಿಸಿದೆಯೇ ಎಂದು ವಿಚಾರಿಸುವುದೂ ಅಗತ್ಯ. ಎಂಜಿನ್ನಿನ ದೋಷ ಖರ್ಚಿಗೆ ಮಿತಿಯಿರುವ ದೋಷ, ಮೈಯ ದೋಷ ಮಿತಿಯಿಲ್ಲದ್ದು ಎಂಬ ಅನುಭವಿಗಳ ಮಾತನ್ನು ಮರೆಯದಿದ್ದರೆ ಒಳ್ಳೆಯದು.

ಕಾರಿನ ಗುರುತಿನ ವಿಷಯದಲ್ಲಿಯೂ ಇಷ್ಟೇ ಜಾಗರೂಕತೆ ಬೇಕು. ಅಮೆರಿಕದ ಸುರಕ್ಷಾ ನಿಯಮಗಳಿಗಾಗಿ 1974ರ ಕೊನೆಯಿಂದ ಎಂಜಿಬಿಗೆ ಕಪ್ಪು ರಬ್ಬರಿನ ಬಂಪರುಗಳು ಬಂದವು, ಕಾರಿನ ಎತ್ತರವೂ ಹೆಚ್ಚಿತು. ಮುಂಚಿನ ಹೊಳೆಯುವ ಬಂಪರಿನ ಕಾರುಗಳಿಗೆ ಬೇಡಿಕೆ ಹೆಚ್ಚು. ನಂತರದ ಕಾರಿಗೆ ಹಳೆಯ ಬಂಪರನ್ನು ಕೂಡಿಸುವುದು ತಪ್ಪಲ್ಲ. ಅದನ್ನು ಹಳೆಯ ಕಾರೆಂದು ನಂಬಿಸುವುದು ತಪ್ಪು. ಗೇಡನ್ನಿನಲ್ಲಿರುವ ಬ್ರಿಟಿಷ್ ಮೋಟಾರು ಪರಂಪರೆಯ ನ್ಯಾಸವು ಕಾರ್ಖಾನೆಯ ದಾಖಲೆಗಳ ಆಧಾರದ ಮೇಲೆ, ಕಾರು ತಯಾರಾದ ದಿನ, ಮೂಲ ಬಣ್ಣ, ಯಾವ ದೇಶಕ್ಕೆ ಹೋಯಿತು ಎಂಬ ವಿವರಗಳ ಪ್ರಮಾಣಪತ್ರವನ್ನು ಶುಲ್ಕ ಪಡೆದು ಕೊಡುತ್ತದೆ. ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಚ್ಚಹೊಸ ಮೈಗಳನ್ನು ತಯಾರಿಸುವ ಕೆಲಸವೂ 1988ರಲ್ಲಿ ಆರಂಭವಾಯಿತು. ಹಾಗೆ ಹೊಸ ಮೈ ಪಡೆದ ಕಾರು ಎಷ್ಟೋ ಹಳೆಯವುಗಳಿಗಿಂತ ಸುರಕ್ಷಿತ. ಅದನ್ನು ಹೇಳಿ ಮಾರಿದರೆ ಗೌರವವೇ ಹೊರತು ನಾಚಿಕೆಯಿಲ್ಲ.

ಕೊಳ್ಳುವವನ ಪಾಲಿನ ಪಾಪಗಳೂ ಇವೆ. ಅವುಗಳನ್ನು ಬಿಟ್ಟರೆ ವಿಚಾರ ಏಕಪಕ್ಷೀಯವಾದೀತು. ಗಂಡನ ಕಾರಿನ ಬೆಲೆಯೇ ತಿಳಿಯದ ವಿಧವೆಯ ಮನೆಗೆ ಹೋಗಿ, ಇಲ್ಲದ ದೋಷಗಳನ್ನು ಎತ್ತಿ ತೋರಿಸಿ, ಅರ್ಧ ಬೆಲೆಗೆ ಹೊಡೆದುಕೊಂಡು ಬರುವ ತಜ್ಞನ ಕಥೆಯನ್ನು ಜಾಣತನವೆಂದು ಹೇಳಿಕೊಳ್ಳುವವರುಂಟು. ಅಲ್ಲಿ ತಿಳಿದವನು ಕೊಳ್ಳುವವನು, ಎಂಬುದಷ್ಟೇ ವ್ಯತ್ಯಾಸ. ಕರ್ತವ್ಯವು ಮಾರುವವನಿಗೆ ಅಥವಾ ಕೊಳ್ಳುವವನಿಗೆ ಅಂಟಿಕೊಂಡಿರುವುದಿಲ್ಲ. ತಿಳಿವಳಿಕೆ ಯಾರಲ್ಲಿದೆಯೋ ಅವರಿಗೆ ಅಂಟಿಕೊಂಡಿರುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಕೊಂಡ ನಂತರ ಬರುತ್ತದೆ. ತಾನು ಮೋಸಹೋದೆನೆಂದು ಅರಿತವನ ಮುಂದೆ ಎರಡು ದಾರಿಗಳಿರುತ್ತವೆ. ನಷ್ಟವನ್ನು ನುಂಗಿ ಸರಿಪಡಿಸುವುದು ಅಥವಾ ಸತ್ಯ ಹೇಳಿ ಕಡಿಮೆ ಬೆಲೆಗೆ ಮಾರುವುದು ಒಂದು. ಇನ್ನೊಂದು ಬಾರಿ ಬಣ್ಣ ಬಳಿದು ಮುಂದಿನವನಿಗೆ ದಾಟಿಸುವುದು ಮತ್ತೊಂದು. ಹೊಸ್ತಿಲು ಕೊಳೆತ ಕಾರುಗಳು ಕೈಯಿಂದ ಕೈಗೆ ಸಾಗುತ್ತಿರುವುದು ಈ ಎರಡನೆಯ ದಾರಿಯಲ್ಲಿಯೇ. ಪ್ರತಿಯೊಬ್ಬನೂ ಹಿಂದಿನವನನ್ನು ಶಪಿಸುತ್ತಾನೆ, ಹಿಂದಿನವನು ಮಾಡಿದ್ದನ್ನೇ ಮಾಡುತ್ತಾನೆ. ಮೋಸಹೋದದ್ದು ದುರದೃಷ್ಟ, ಆದರೆ ಅದರಿಂದ ಮೋಸಮಾಡುವ ಹಕ್ಕು ಯಾರಿಗೂ ಬರುವುದಿಲ್ಲ. ಸರಪಳಿ ತುಂಡಾಗಬೇಕಾದರೆ ಯಾರಾದರೊಬ್ಬರು ನಷ್ಟವನ್ನು ತಮ್ಮ ಪಾಲಿಗೆ ನಿಲ್ಲಿಸಿಕೊಳ್ಳಬೇಕು. ವ್ರತವೆಂಬ ಮಾತಿಗೆ ವ್ಯಾಪಾರದಲ್ಲಿ ಅರ್ಥವಿರುವುದು ಈ ಒಂದು ಕಡೆಯಲ್ಲಿ.

ಇದು ಅಸಾಧ್ಯವಾದ ಆದರ್ಶವಲ್ಲ. ಹೊಸ್ತಿಲನ್ನು ಬಿಚ್ಚಿದ್ದಾಗ ತೆಗೆದ ಛಾಯಾಚಿತ್ರಗಳನ್ನೂ ಖರ್ಚಿನ ಬಿಲ್ಲುಗಳನ್ನೂ ಜೋಪಾನವಾಗಿಟ್ಟು, ಇರುವ ದೋಷಗಳ ಪಟ್ಟಿಯನ್ನು ಕೈಬರಹದಲ್ಲಿ ಬರೆದು, ತಜ್ಞನನ್ನು ಕರೆತಂದು ತೋರಿಸಿರೆಂದು ತಾವಾಗಿಯೇ ಹೇಳುವ ಮಾಲೀಕರು ಈ ಹವ್ಯಾಸದಲ್ಲಿದ್ದಾರೆ. ಅವರ ಕಾರಿಗೆ ತುಸು ಕಡಿಮೆ ಬೆಲೆ ಬಂದೀತು. ಆದರೆ ಕೊಂಡವನು ರಾತ್ರಿಯ ಹೊತ್ತು ತನ್ನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಾಗ, ಆ ಮಾಲೀಕನು ನಿಶ್ಚಿಂತೆಯಿಂದ ನಿದ್ರಿಸಬಲ್ಲ. ಕೊಳ್ಳುವವನು ಎಚ್ಚರದಿಂದಿರಲಿ, ಮಾರುವವನು ಅದಕ್ಕಿಂತ ಮೊದಲು ಎಚ್ಚರಗೊಳ್ಳಲಿ.